ಸೇದದೆ ಬಿಟ್ಟವರು

ಪುರಸಭೆಯ ಜನನ ಮರಣ ವಿಭಾಗದ ಗುಮಾಸ್ತರಿಗೆ ಯಾವ ವಿಷಯದಲ್ಲೂ ಅಭಿಪ್ರಾಯವಿರಲಿಲ್ಲ. ಇದು ಅವರ ತಪ್ಪೆಂದು ಹೇಳಲಾಗದು, ವಿಭಾಗವೇ ಅಂಥದ್ದು. ಆಗಷ್ಟೇ ಹುಟ್ಟಿದವರಿಗೆ ಅಭಿಪ್ರಾಯ ಇನ್ನೂ ಮೂಡಿರುವುದಿಲ್ಲ, ಸತ್ತವರಿಗೆ ಇದ್ದರೂ ಯಾರೂ ಕೇಳುವುದಿಲ್ಲ. ಈ ಎರಡು ರಿಜಿಸ್ಟರುಗಳ ನಡುವೆ ಇಪ್ಪತ್ತೆರಡು ವರ್ಷ ಕುಳಿತು ಅವರು ಎಲ್ಲದಕ್ಕೂ ‘ಹೂಂ’ ಎನ್ನುವುದನ್ನು ರೂಢಿಸಿಕೊಂಡಿದ್ದರು. ಆ ಹೂಂ ಎಷ್ಟು ಹದವಾಗಿತ್ತೆಂದರೆ, ಜಗಳವಾಡುವ ಇಬ್ಬರೂ ಅದನ್ನು ಕೇಳಿ, ಗುಮಾಸ್ತರು ತಮ್ಮ ಕಡೆಯೇ ಎಂದುಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು.

ಹೀಗಿರುವಾಗ ಊರಿನ ಚಿತ್ರಮಂದಿರದವರು ಪುರಸಭೆಗೆ ಒಂದು ಅರ್ಜಿ ಕೊಟ್ಟರು. ಸಿನಿಮಾಕ್ಕೆ ಬರುವವರಲ್ಲಿ ಸಿಗರೇಟು ಸೇದುವವರಿಗಾಗಿ ಒಂದು ಪ್ರತ್ಯೇಕ ಕೊಠಡಿ ಇಡಲು ಅನುಮತಿ ಬೇಕು ಎಂಬುದು ಅರ್ಜಿಯ ಸಾರ. ಪುರಸಭೆಯ ಸದಸ್ಯರಲ್ಲಿ ಅರ್ಧ ಜನ ಬೇಕು ಎಂದರು, ಅರ್ಧ ಜನ ಬೇಡ ಎಂದರು. ಗದ್ದಲಕ್ಕೆ ಎಚ್ಚರಗೊಂಡ ಅಧ್ಯಕ್ಷರು, ಯಾವ ವಿಷಯವೆಂದು ವಿಚಾರಿಸದೆಯೇ, “ಜನರನ್ನೇ ಕೇಳೋಣ” ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದರು. ಪ್ರಜಾಪ್ರಭುತ್ವ ಗೆದ್ದಿತು.

ಜನರನ್ನು ಕೇಳುವವರು ಯಾರು ಎಂಬ ಪ್ರಶ್ನೆ ಹೊತ್ತ ಕಡತ ಮೇಜಿನಿಂದ ಮೇಜಿಗೆ ಹೊರಟಿತು. ಅದು ಬರುವುದನ್ನು ಕಂಡು ತೆರಿಗೆ ವಿಭಾಗದವರಿಗೆ ಬೆನ್ನುನೋವು ಬಂತು. ನೀರಿನ ವಿಭಾಗದವರ ಅಜ್ಜಿ ತೀರಿಕೊಂಡರು. ಈ ಅಜ್ಜಿ ಇದಕ್ಕೆ ಮೊದಲೂ ಮೂರು ಸಲ ತೀರಿಕೊಂಡಿದ್ದರು, ಗುಮಾಸ್ತರ ರಿಜಿಸ್ಟರಿನಲ್ಲಿ ಮಾತ್ರ ಒಮ್ಮೆಯೂ ತೀರಿಕೊಂಡಿರಲಿಲ್ಲ. ಕಡೆಗೆ ಆರೋಗ್ಯಾಧಿಕಾರಿಗಳು ಗುಮಾಸ್ತರನ್ನು ಕರೆಸಿದರು. ಈ ಅಧಿಕಾರಿಗಳನ್ನು ಕಚೇರಿಯಲ್ಲಿ ಎಲ್ಲರೂ ಸಾಹೇಬರು ಎನ್ನುತ್ತಿದ್ದರು.

“ನೀವು ಸಿಗರೇಟು ಸೇದ್ತೀರಾ?”

“ಇಲ್ಲ ಸಾರ್.”

“ಸೇದೋರನ್ನ ಕಂಡ್ರೆ ಸಿಟ್ಟು ಬರುತ್ತಾ?”

“ಇಲ್ಲ ಸಾರ್.”

“ಈ ಕೊಠಡಿ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನು?”

ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿದರು. “ತಮ್ಮದೇ ಸಾರ್.”

“ನಂಗೂ ಇಲ್ಲ. ಹಾಗಾದ್ರೆ ನೀವೇ ಸರಿಯಾದ ಮನುಷ್ಯ. ಮೂರು ವಾರ ಟೈಮು. ಫಾರಂ ಹಂಚಿ, ಜಾಗ ನೋಡಿ, ವರದಿ ಕೊಡಿ.”

ಅಲ್ಲಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಫಾರಂಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆಯುವಾಗ ಗುಮಾಸ್ತರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಬಾಗಿಲು ತೆರೆದ ಹೆಂಡತಿ ಅದೇನು ಕಟ್ಟು ಎಂದು ಕೇಳಿದಾಗ, ಚಪ್ಪಲಿ ಬಿಡುತ್ತ, ಆದಷ್ಟೂ ಸಹಜವಾಗಿ ಹೇಳಿದರು: “ಆ ಸಿನಿಮಾ ಮಂದಿರದ ವಿಷಯ. ಎಲ್ಲಾ ನನ್ನ ಮೇಲೆ ಬಿಟ್ಟಿದ್ದಾರೆ.”

ಅವರು ಹೇಳಿದ್ದು ಕೆಲಸವನ್ನು. ಹೆಂಡತಿಗೆ ಅರ್ಥವಾದದ್ದು ತೀರ್ಮಾನ. ಇಷ್ಟು ವರ್ಷಗಳಲ್ಲಿ ಗಂಡನ ಮೇಲೆ ಯಾರೂ ಏನನ್ನೂ ಬಿಟ್ಟದ್ದನ್ನು ಆಕೆ ಕಂಡಿರಲಿಲ್ಲವಾದ್ದರಿಂದ ಈ ಸುದ್ದಿಯನ್ನು ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಹೇಳದೆ ಇರಲಾಗಲಿಲ್ಲ. ಕತ್ತಲಾಗುವ ಮೊದಲೇ ದರ್ಜಿ ಹಾಜರಾದ. ಕತ್ತಿನಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು.

“ಗುಮಾಸ್ತರೇ, ನಿಮ್ಮ ಕೈಯಲ್ಲೇ ಇದೆಯಂತೆ. ನೋಡಿ, ಎರಡೂವರೆ ಗಂಟೆ ಸಿನಿಮಾ. ನಂಗೆ ಅಷ್ಟು ಹೊತ್ತು ಸಿಗರೇಟು ಇಲ್ದೆ ಕೂರೋಕೆ ಆಗಲ್ಲ. ಹೀರೋ ಸಾಯೋ ಹೊತ್ತಿಗೆ ನನ್ನ ಪ್ರಾಣಾನೂ ಹೋಗಿರುತ್ತೆ. ಕೊಠಡಿ ಮಾಡಿಸಿಬಿಡಿ.”

“ಹೂಂ,” ಎಂದರು ಗುಮಾಸ್ತರು.

ಅವನು ಗೇಟು ದಾಟುವಷ್ಟರಲ್ಲಿ ಎದುರು ಮನೆಯ ಮೇಷ್ಟ್ರು ಬಂದರು. ಇವರು ನಿವೃತ್ತರಾಗಿ ಆರು ವರ್ಷವಾಗಿದ್ದರೂ ತರಗತಿ ಬಿಟ್ಟಿರಲಿಲ್ಲ; ಈಗ ಇಡೀ ಬೀದಿಯೇ ತರಗತಿಯಾಗಿತ್ತು. “ಹೊಗೆ ಬಿಡೋದಕ್ಕೆ ಸರ್ಕಾರವೇ ಕೋಣೆ ಕಟ್ಟಿಸಿಕೊಡೋದಾದ್ರೆ, ಉಗಿಯೋದಕ್ಕೆ ಒಂದು ಹಜಾರ ಕಟ್ಟಿಸಲಿ. ನೀವು ಒಪ್ಪಬಾರದು. ನಾನು ನಿಮ್ಮ ಹಿಂದೆ ಇದ್ದೀನಿ,” ಎಂದರು.

“ಹೂಂ,” ಎಂದರು ಗುಮಾಸ್ತರು.

ಹೀಗೆ ಒಂದು ವಾರದಲ್ಲಿ ಊರಿನ ಅರ್ಧ ಜನ ಕೊಠಡಿ ಆಯಿತೆಂದೂ ಉಳಿದರ್ಧ ಜನ ಅದು ಆಗುವುದೇ ಇಲ್ಲವೆಂದೂ ಖಚಿತಪಡಿಸಿಕೊಂಡರು. ಇಬ್ಬರಿಗೂ ಸಾಕ್ಷಿ ಗುಮಾಸ್ತರೇ. ಫಾರಂಗಳು ಮಾತ್ರ ನಿಧಾನಕ್ಕೆ ತುಂಬುತ್ತಿದ್ದವು. ಒಬ್ಬ ತನ್ನ ಮಗುವಿನ ಜನನ ಪತ್ರ ಇದರ ಜೊತೆಯಲ್ಲೇ ಸಿಗುತ್ತದೆಯೇ ಎಂದು ಕೇಳಿದ. ಇನ್ನೊಬ್ಬ, ‘ಬೇಕು’, ‘ಬೇಡ’ ಎರಡಕ್ಕೂ ಗುರುತು ಹಾಕಿ, “ನೀವೇ ನೋಡಿಕೊಂಡು ಒಂದನ್ನ ಹೊಡೆದುಹಾಕಿ” ಎಂದ.

ಆ ಭಾನುವಾರ ಗುಮಾಸ್ತರು ಜಾಗ ನೋಡಲು ಚಿತ್ರಮಂದಿರಕ್ಕೆ ಹೋದರು. ಅನುಮತಿ ಕೇಳಿದ್ದ ಕೊಠಡಿ ಅನುಮತಿಗೆ ಕಾಯದೆ ಆಗಲೇ ಎದ್ದು ನಿಂತಿತ್ತು. “ಇದು ಕೊಠಡಿ ಅಲ್ಲ ಸಾರ್,” ಎಂದು ಮ್ಯಾನೇಜರು ವಿವರಿಸಿದ, “ಕೊಠಡಿ ಆದ್ರೆ ಹೇಗಿರುತ್ತೆ ಅಂತ ತೋರಿಸೋಕೆ ಇಟ್ಟಿರೋದು.” ಹಳೆಯ ಪೋಸ್ಟರುಗಳನ್ನು ತುಂಬಿಡುತ್ತಿದ್ದ ಉದ್ದನೆಯ ಕೋಣೆ. ಎರಡು ಬೆಂಚು, ಒಂದು ಬಲ್ಬು, ಮರಳು ತುಂಬಿದ ಡಬ್ಬಿ, ಗೋಡೆಯ ಮೇಲ್ಭಾಗದಲ್ಲಿ ಗಾಳಿಯನ್ನು ಹೊರಗೆ ದಬ್ಬುವ ಫ್ಯಾನು. ಬಾಗಿಲು ಹಾಕಿದರೆ ಹೊರಗಿನ ಸದ್ದೇ ಇಲ್ಲ.

ಮಧ್ಯಂತರದ ಗಂಟೆ ಹೊಡೆಯಿತು. ಒಬ್ಬೊಬ್ಬರೇ ಒಳಗೆ ಬಂದು ನಿಂತರು, ಕೂತರು. ಗುಮಾಸ್ತರು ಪುಸ್ತಕ ತೆರೆದು ಎಣಿಸಿದರು. ಜನ ಒಂಬತ್ತು. ಉರಿಯುತ್ತಿರುವ ಸಿಗರೇಟು ಒಂದು. ಮತ್ತೊಮ್ಮೆ ಎಣಿಸಿದರು. ಅಷ್ಟೇ. ಸೇದುತ್ತಿದ್ದವನು ಒಬ್ಬ ಬಸ್ ಡ್ರೈವರು. ಉಳಿದವರಲ್ಲಿ ಒಬ್ಬ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ, ಒಬ್ಬ ಬಲ್ಬನ್ನು ನೋಡುತ್ತಿದ್ದ, ಮೂಲೆಯಲ್ಲಿ ಕೂತವರ ಮುಖ ಅಗಲಕ್ಕೆ ಬಿಡಿಸಿ ಹಿಡಿದ ಪೇಪರಿನ ಹಿಂದೆ ಇತ್ತು. ಯಾರೂ ಯಾರನ್ನೂ ಮಾತನಾಡಿಸಲಿಲ್ಲ. ಒಂಬತ್ತು ಜನಕ್ಕೆ ಒಂದೇ ಸಿಗರೇಟು ಎಂದು ವರದಿಯಲ್ಲಿ ಬರೆದರೆ ಸಾಹೇಬರು ತನ್ನ ಎಣಿಕೆಯನ್ನೇ ಅನುಮಾನಿಸುತ್ತಾರೆಂದು ಹೆದರಿ ಗುಮಾಸ್ತರು ಸಿಗರೇಟಿನ ಮುಂದೆಯೂ ಒಂಬತ್ತು ಎಂದೇ ಬರೆದರು. ಸರ್ಕಾರಿ ಅಂಕಿ ಅಂಶಗಳು ಹುಟ್ಟುವುದು ಹೀಗೆ.

“ಸ್ವಾಮಿ, ಒಂದು ನಿಮಿಷ ಇದನ್ನ ಹಿಡ್ಕೊಳ್ಳಿ, ಶೂ ಲೇಸು ಬಿಚ್ಚಿದೆ,” ಎಂದ ಡ್ರೈವರು.

ಆಗಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಗುಮಾಸ್ತರು “ಹೂಂ” ಎಂದು ಕೈ ಚಾಚಿದರು. ಸಿಗರೇಟನ್ನು ಯಾವ ಕಡೆಯಿಂದ ಹಿಡಿಯುವುದೆಂದು ತಿಳಿಯದೆ, ಬಿಸಿ ತಾಗಿ, ಬಾಯಿಯ ಹತ್ತಿರ ತಂದು ಉಫ್ ಎಂದು ಊದಿದರು. ಅದೇ ಗಳಿಗೆಗೆ ಬಾಗಿಲು ತೆರೆಯಿತು. ನಿಂತಿದ್ದವನು ಹೆಂಡತಿಯ ಅಣ್ಣ, ವಿಮಾ ಏಜೆಂಟ್.

ಬೇರೆ ಯಾರಾದರೂ ಆಗಬಹುದಿತ್ತು. ಈ ಭಾವನ ಕಸುಬೇ ಮನೆಯಿಂದ ಮನೆಗೆ ಹೋಗಿ, ನಿಮಗೇನಾದರೂ ಆದರೆ ಗತಿಯೇನು ಎಂದು ಹೇಳುವುದು.

“ನೀವಾ?” ಎಂದ ಭಾವ.

ಇಂಥ ಹೊತ್ತಿನಲ್ಲಿ ನಿಜ ಹೇಳುವುದೇ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿಸುತ್ತದೆ. “ಇದು ನಂದಲ್ಲ ಭಾವ. ಆಫೀಸಿನ ಕೆಲಸ,” ಎಂದರು ಗುಮಾಸ್ತರು. ಮೂಗಿಗೆ ಹೊಗೆ ಹೊಕ್ಕು ಕೆಮ್ಮು ಬಂತು.

“ಕೆಮ್ಮು ಬೇರೆ ಶುರುವಾಗಿದೆ,” ಎಂದು ಭಾವ ನಿಟ್ಟುಸಿರು ಬಿಟ್ಟ. “ನಾನು ಶೌಚಾಲಯ ಅಂದ್ಕೊಂಡು ಬಾಗಿಲು ತೆಗೆದೆ. ನಾನೇನೂ ನೋಡಿಲ್ಲ. ಯಾರಿಗೂ ಹೇಳಲ್ಲ.”

ಅವನು ಯಾರಿಗೂ ಹೇಳಲಿಲ್ಲ. ತನ್ನ ತಾಯಿಗೆ, ತಂಗಿಗೆ, ಹೆಂಡತಿಗೆ ಮತ್ತು ದಾರಿಯಲ್ಲಿ ಸಿಕ್ಕ ದರ್ಜಿಗೆ ಮಾತ್ರ ಹೇಳಿದ.

ಗುಮಾಸ್ತರು ಮನೆ ತಲುಪುವ ಹೊತ್ತಿಗೆ ಹೆಂಡತಿ ಹಜಾರದ ನಡುವೆ ನಿಂತಿದ್ದಳು. ಹತ್ತಿರ ಬಂದು ಅಂಗಿಯ ಕಾಲರನ್ನು ಮೂಸಿ ನೋಡಿದಳು. ಹತ್ತು ನಿಮಿಷ ಆ ಕೋಣೆಯಲ್ಲಿ ನಿಂತ ಅಂಗಿ ಹೇಗಿರಬೇಕೋ ಹಾಗಿತ್ತು.

“ಎಷ್ಟು ವರ್ಷದಿಂದ?”

“ನಾನು ಸೇದೇ ಇಲ್ಲ ಕಣೇ.”

“ಅಣ್ಣ ಕಣ್ಣಾರೆ ನೋಡಿದ್ದಾನೆ.”

“ಹಿಡ್ಕೊಂಡಿದ್ದೆ ಅಷ್ಟೇ. ಯಾರದ್ದೋ ಶೂ ಲೇಸು ಬಿಚ್ಚಿತ್ತು.”

ಅಷ್ಟು ಬಡವಾದ ಸುಳ್ಳನ್ನು ಹೆಂಡತಿ ಈವರೆಗೆ ಕೇಳಿರಲಿಲ್ಲ. ಆಕೆ ಕೂಗಾಡಲಿಲ್ಲ. ಕುರ್ಚಿಯ ಮೇಲೆ ಕೂತು, “ನನ್ನ ಅಕ್ಕಂದಿರ ಗಂಡಂದಿರು ದೊಡ್ಡ ದೊಡ್ಡ ಕೆಲಸದಲ್ಲಿದ್ದಾರೆ. ಅವರೆಲ್ಲ ಸೇರಿದಾಗ ನಿಮ್ಮ ಬಗ್ಗೆ ಹೇಳ್ಕೊಳ್ಳೋಕೆ ನಂಗಿದ್ದದ್ದು ಒಂದೇ ಮಾತು. ನಮ್ಮನೆಯವರಿಗೆ ಯಾವ ಚಟಾನೂ ಇಲ್ಲ ಅಂತ. ಅದೂ ಹೋಯ್ತು,” ಎಂದಳು. ಗುಮಾಸ್ತರಿಗೆ ಕೂಗಾಡಿದ್ದರೇ ವಾಸಿಯಿತ್ತು ಎನ್ನಿಸಿತು.

ಮರುದಿನ ಅತ್ತೆ ಚೀಲ ಸಮೇತ ಬಂದಿಳಿದರು. ಅಳಿಯ ಸಿಗರೇಟು ಬಿಡುವವರೆಗೆ ಹೋಗುವುದಿಲ್ಲವೆಂದು ಘೋಷಿಸಿ, ಒಳಕೋಣೆಯ ಮಂಚವನ್ನು ವಶಪಡಿಸಿಕೊಂಡರು. ಗುಮಾಸ್ತರು ಅವರಿಗೂ ಶೂ ಲೇಸಿನ ಕಥೆ ಹೇಳಿದರು. ಅತ್ತೆ ಕರುಣೆಯಿಂದ ತಲೆಯಾಡಿಸಿ ಮಗಳ ಕಡೆ ತಿರುಗಿದರು. “ನಿಮ್ಮ ಚಿಕ್ಕಪ್ಪನೂ ಹೀಗೇ. ಕೈಯಲ್ಲಿ ಬಾಟ್ಲಿ ಹಿಡ್ಕೊಂಡೇ ಇಲ್ಲ ಅಂತಿದ್ದ. ಒಪ್ಪಿಕೊಂಡ ದಿವಸ ಅರ್ಧ ವಾಸಿಯಾಯ್ತು.”

ಮೂರು ದಿನ ಗುಮಾಸ್ತರು ಅಲ್ಲಗಳೆದರು. ಮೂರು ದಿನವೂ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬೇಲಿಯಾಚೆ ದರ್ಜಿ ಮಾತ್ರ ಅಣ್ಣತಮ್ಮಂದಿರು ಕಳೆದುಹೋಗಿ ಸಿಕ್ಕಂತೆ ಅವರ ಹೆಗಲ ಮೇಲೆ ಕೈ ಹಾಕಿದ. “ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಒಂದು ಸೂಚನೆ ಕೊಡಲಿಲ್ಲ ನೀವು. ದಿವಸಕ್ಕೆ ಎಷ್ಟು?”

ಅವನಿಂದ ಬಿಡಿಸಿಕೊಳ್ಳಲು ಗುಮಾಸ್ತರು “ಒಂದು” ಎಂದರು.

“ಎಲ್ಲರೂ ಒಂದೇ ಅಂತಾರೆ,” ಎಂದು ಕಣ್ಣು ಮಿಟುಕಿಸಿದ ದರ್ಜಿ, ಸಂಜೆಯೊಳಗೆ ಊರಿಗೆಲ್ಲ ನಾಲ್ಕು ಎಂದು ತಿಳಿಸಿದ.

ನಾಲ್ಕನೆಯ ದಿನ ಕಚೇರಿಯಿಂದ ಸೋತು ಬಂದು ಕೂತ ಗುಮಾಸ್ತರು, ಪಾತ್ರೆಗಳ ಸದ್ದು ತಾಳಲಾರದೆ, ಯಾರನ್ನೂ ನೋಡದೆ ಹೇಳಿಬಿಟ್ಟರು: “ಆಯ್ತು. ಬಿಟ್ಟೆ.”

ಪಾತ್ರೆಗಳ ಸದ್ದು ನಿಂತಿತು. ಅತ್ತೆ ಒಳಗಿನಿಂದ ಬಂದು ಗೋಡೆಯ ಕ್ಯಾಲೆಂಡರಿನ ಮೇಲೆ ಆ ದಿನಕ್ಕೆ ಒಂದು ದುಂಡನೆಯ ಗುರುತು ಹಾಕಿದರು. ಹೆಂಡತಿ ಎರಡು ಲೋಟ ಕಾಫಿ ತಂದಳು; ಒಂದನ್ನು ಗಂಡನಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ಪಕ್ಕದಲ್ಲಿ ಕೂತಳು. “ತುಂಬಾ ಕಷ್ಟ ಆಗ್ತಿದೆಯಾ?” ಎಂದು ಮೆತ್ತಗೆ ಕೇಳಿದಳು.

ಗುಮಾಸ್ತರು ಕಾಫಿ ಕುಡಿದರು. ಮದುವೆಯಾದ ಹೊಸತರಲ್ಲಿ ಹೀಗೆ ಪಕ್ಕದಲ್ಲಿ ಕೂತು ಕೇಳಿದ್ದುಂಟು. ಆಮೇಲೆ ಮಕ್ಕಳ ಓದು, ಹೊಲಿಗೆ, ಅಡುಗೆ, ಫೈಲು ಎಂದು ಯಾವಾಗ ನಿಂತುಹೋಯಿತೋ ಇಬ್ಬರಿಗೂ ಗೊತ್ತಿರಲಿಲ್ಲ.

“ಸ್ವಲ್ಪ,” ಎಂದರು ಗುಮಾಸ್ತರು.

ಅಲ್ಲಿಂದ ಮುಂದೆ ಅವರು ಎಂದೂ ಹಿಡಿಯದ ಚಟವನ್ನು ಶ್ರದ್ಧೆಯಿಂದ ಬಿಡತೊಡಗಿದರು. ಎರಡನೆಯ ದಿನ ಕೈ ನಡುಗುತ್ತದೆಯೇ ಎಂದು ಹೆಂಡತಿ ಕೇಳಿದಾಗ, ಲೋಟವನ್ನು ತುಸು ಅಲುಗಾಡಿಸಿದರು. ಐದನೆಯ ದಿನ ಊಟವಾದ ಮೇಲೆ ಕಿಟಕಿಯ ಹೊರಗೆ ದೂರ ದೃಷ್ಟಿ ನೆಟ್ಟು ನಿಂತರು. ಅತ್ತೆ ಮಗಳಿಗೆ ಸನ್ನೆ ಮಾಡಿ, “ಈಗ ಆಸೆ ಆಗ್ತಿದೆ, ಮಾತಾಡಿಸಬೇಡ” ಎಂದರು. ಏಳನೆಯ ದಿನ ಇದು ತನಗೆ ಚೆನ್ನಾಗಿ ಬರುತ್ತಿದೆ ಎಂದು ಸ್ವತಃ ಗುಮಾಸ್ತರಿಗೇ ಹೆಮ್ಮೆಯಾಯಿತು. ಪ್ರತಿ ಸಂಜೆ ಐದೂವರೆಗೆ ಎರಡು ಲೋಟ ಕಾಫಿ ಬರುತ್ತಿತ್ತು. ಹೆಂಡತಿ ದಿನದ ಕಥೆ ಹೇಳುತ್ತಿದ್ದಳು, ಇವರು ಹೂಂ ಎನ್ನುತ್ತಿದ್ದರು, ಮತ್ತು ಆ ಹೂಂಗೆ ಒಂದೇ ಅರ್ಥವಿರುತ್ತಿತ್ತು.

ತೊಂದರೆ ಬಂದದ್ದು ಬೇಲಿಯ ಕಡೆಯಿಂದ. ಒಂದು ಬೆಳಿಗ್ಗೆ ದರ್ಜಿಯ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಗುಮಾಸ್ತರ ಮುಂದೆ ನಿಂತಳು. “ಅಣ್ಣಾ, ನಿಮ್ಮನ್ನ ನೋಡಿ ನಮ್ಮೋರೂ ಬಿಟ್ಟಿದ್ದಾರೆ. ಗುಮಾಸ್ತರ ಕೈಲಿ ಆಗೋದು ನನ್ನ ಕೈಲಿ ಆಗಲ್ವಾ ಅಂತ ಐದು ದಿವಸದಿಂದ ಮುಟ್ಟಿಲ್ಲ. ಡಾಕ್ಟರು ಹೇಳಿ, ನಾನು ಅತ್ತು, ಆಗದೇ ಇದ್ದದ್ದು ನಿಮ್ಮಿಂದ ಆಯ್ತು.”

ಅವಳ ಹಿಂದೆ ದರ್ಜಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು, ಎಡ ತೋಳು ಬಲ ತೋಳಿಗಿಂತ ಉದ್ದವಾದ ಅಂಗಿಯೊಂದು ಅವನ ಕೈಯಲ್ಲಿತ್ತು. “ಗಿರಾಕಿಗಳು ಬೈತಿದ್ದಾರೆ, ಇರಲಿ. ಒಂದು ಹೇಳಿ. ಊಟ ಆದ ಮೇಲೆ ಎದೆಯೊಳಗೆ ಒಂದು ತರಹ ಎಳೆಯುತ್ತಲ್ಲ, ಆಗ ನೀವು ಏನು ಮಾಡ್ತೀರಿ?”

“ನಂಗೆ ಅಷ್ಟು ಎಳೆಯಲ್ಲ,” ಎಂದರು ಗುಮಾಸ್ತರು. ಇದು ನಿಜವಾಗಿತ್ತು.

“ಅಬ್ಬಾ, ಏನು ಮನೋಬಲ,” ಎಂದ ದರ್ಜಿ.

ಇದು ಮೇಷ್ಟ್ರ ಕಿವಿಗೆ ಬಿತ್ತು. ಅವರು ಪುರಸಭೆಗೆ ಮೊದಲೇ ಒಂದು ದೂರು ಬರೆದಿದ್ದರು: ಅಭಿಪ್ರಾಯ ಸಂಗ್ರಹಿಸುವವರೇ ಧೂಮಪಾನಿ, ಆದ್ದರಿಂದ ಪಕ್ಷಪಾತಿ. ಈಗ ಎರಡನೆಯದು ಬರೆದರು: ಅಭಿಪ್ರಾಯ ಸಂಗ್ರಹಿಸುವವರು ಚಟವನ್ನು ಗೆದ್ದ ಮಹನೀಯರು, ಅವರನ್ನು ಬಹಿರಂಗವಾಗಿ ಸನ್ಮಾನಿಸತಕ್ಕದ್ದು. ಅಷ್ಟರಲ್ಲಿ ಕೊಠಡಿ ಬೇಕೆನ್ನುವವರ ಕಡೆಯಿಂದ ಮೂರನೆಯ ದೂರು ಬಂತು: ಗುಮಾಸ್ತರು ಅತ್ತೆಯ ಒತ್ತಡಕ್ಕೆ ಸಿಕ್ಕಿ ಪಕ್ಷ ಬದಲಿಸಿದ್ದಾರೆ.

ಸಾಹೇಬರು ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ಗುಮಾಸ್ತರನ್ನು ಕರೆದರು. “ಸೇದಲ್ಲ ಅಂದ್ರಿ. ಸೇದ್ತಾರೆ ಅಂತ ಒಂದು ಕಾಗದ, ಬಿಟ್ಟಿದ್ದಾರೆ ಅಂತ ಒಂದು ಕಾಗದ. ನಾನು ಯಾವುದನ್ನ ಫೈಲ್ ಮಾಡ್ಲಿ?”

“ಸಾರ್, ಅದು ಏನಾಯ್ತು ಅಂದ್ರೆ, ಒಬ್ಬರ ಶೂ ಲೇಸು...”

“ಬೇಡ. ಭಾನುವಾರ ಬೆಳಿಗ್ಗೆ ಚಿತ್ರಮಂದಿರದಲ್ಲೇ ಸಭೆ ಕರೆಯೋಣ. ನೀವು ಫಾರಂ ಫಲಿತಾಂಶ ಓದಿ. ಅವರು ಸನ್ಮಾನ ಮಾಡ್ಲಿ. ನೀವು ಹೇಗೆ ಬಿಟ್ರಿ ಅಂತ ನಾಲ್ಕು ಮಾತಾಡಿ. ಅಲ್ಲಿಗೆ ಮುಗೀತು.”

ಶನಿವಾರ ಪೂರ್ತಿ ಗುಮಾಸ್ತರು ಒದ್ದಾಡಿದರು. ನಿಜ ಹೇಳಿದರೆ ಐದೂವರೆಯ ಕಾಫಿ ಹೋಗುತ್ತದೆ, ದರ್ಜಿ ಮತ್ತೆ ಹಚ್ಚುತ್ತಾನೆ, ಅತ್ತೆ ಎರಡನೆಯ ಸಲ ಚೀಲ ಬಿಚ್ಚುತ್ತಾರೆ. ಹೇಳದಿದ್ದರೆ, ಇಷ್ಟೂ ವರ್ಷ ಸೇದದಿದ್ದವರು ಜೀವಮಾನವಿಡೀ ಸೇದಿದವರಾಗಿ ಉಳಿಯುತ್ತಾರೆ.

ಭಾನುವಾರ ಹಾಲ್ ತುಂಬಿತ್ತು. ಪರದೆಯ ಮುಂದೆ ಒಂದು ಮೇಜು, ಮೂರು ಕುರ್ಚಿ, ಒಂದು ಮೈಕು. ಸಾಹೇಬರು ನಡುವೆ ಕೂತರು, ಮೇಷ್ಟ್ರು ಬಲಕ್ಕೆ, ಗುಮಾಸ್ತರು ಎಡಕ್ಕೆ. ಮುಂದಿನ ಸಾಲಿನಲ್ಲಿ ಹೆಂಡತಿ, ಅತ್ತೆ, ಭಾವ ಮತ್ತು ಅವನ ಹೆಂಡತಿ. ಎರಡನೆಯ ಸಾಲಿನಲ್ಲಿ ದರ್ಜಿ ದಂಪತಿಗಳು.

ಗುಮಾಸ್ತರು ಫಲಿತಾಂಶ ಓದಿದರು. “ಕೊಠಡಿ ಬೇಕು ಅಂದವರು ನೂರ ಎಂಬತ್ತೇಳು. ಬೇಡ ಅಂದವರು ನೂರ ತೊಂಬತ್ತೊಂದು. ಎರಡಕ್ಕೂ ಗುರುತು ಹಾಕಿದವರು ಹದಿನಾಲ್ಕು. ಎರಡನೇ ಕ್ಲಾಸಿನ ಕುರ್ಚಿಗಳ ಸ್ಪ್ರಿಂಗು ಚುಚ್ಚುತ್ತೆ ಅಂತ ಬರೆದವರು ಇನ್ನೂರ ಮೂರು.”

ಕೊನೆಯ ಸಂಖ್ಯೆಗೆ ಇಡೀ ಹಾಲ್ ಚಪ್ಪಾಳೆ ತಟ್ಟಿತು. ಮ್ಯಾನೇಜರು ಪರದೆಯ ಹಿಂದೆ ಸರಿದ.

ಆಮೇಲೆ ಮೇಷ್ಟ್ರು ಎದ್ದು ಇಪ್ಪತ್ತು ನಿಮಿಷ ಮಾತನಾಡಿ, ಗುಮಾಸ್ತರ ಹೆಗಲಿಗೆ ಶಾಲು ಹೊದಿಸಿ, ಮೈಕನ್ನು ಅವರ ಬಾಯಿಗೆ ತಿರುಗಿಸಿದರು. ಗುಮಾಸ್ತರು ನಿಂತರು. ಎರಡನೆಯ ಸಾಲಿನಲ್ಲಿ ದರ್ಜಿ ಬಾಯಿ ಅರ್ಧ ತೆರೆದು ಕಾಯುತ್ತಿದ್ದ. ಆ ಬಿಳಿಚಿದ ಮುಖ ನೋಡಿ ಗುಮಾಸ್ತರಿಗೆ ತಡೆಯಲಾಗಲಿಲ್ಲ.

“ನಾನು ಯಾವತ್ತೂ ಸಿಗರೇಟು ಸೇದಿಲ್ಲ,” ಎಂದರು.

ಚಪ್ಪಾಳೆಯ ಸುರಿಮಳೆಯಾಯಿತು. ಮೇಷ್ಟ್ರು ಮೈಕಿಗೆ ಬಗ್ಗಿ, “ಕೇಳಿದ್ರಾ? ಬಿಟ್ಟರೆ ಹೀಗೆ ಬಿಡಬೇಕು. ಸೇದಿದ್ದ ನೆನಪೇ ಇಲ್ಲದ ಹಾಗೆ,” ಎಂದರು.

“ಹಾಗಲ್ಲ, ನಿಜವಾಗ್ಲೂ ಸೇದಿಲ್ಲ.”

ಚಪ್ಪಾಳೆ ಇನ್ನೂ ಜೋರಾಯಿತು. ಅತ್ತೆ ಕಣ್ಣೊರೆಸಿಕೊಂಡರು. ಗುಮಾಸ್ತರು ಮೂರನೆಯ ಸಲ ಬಾಯಿ ತೆರೆದಾಗ ಹಿಂದಿನ ಬಾಗಿಲ ಹತ್ತಿರ ಒಬ್ಬ ಎದ್ದು ನಿಂತ. ಬಸ್ ಡ್ರೈವರು.

“ಅವರು ಹೇಳ್ತಿರೋದು ನಿಜ,” ಎಂದ. ದಿನವಿಡೀ ಹಾರ್ನ್ ಮೀರಿ ಮಾತನಾಡುವವನಾದ್ದರಿಂದ ಮೈಕು ಬೇಕಾಗಲಿಲ್ಲ. “ಆವತ್ತು ಅವರ ಕೈಲಿದ್ದ ಸಿಗರೇಟು ನಂದು. ನನ್ನ ಶೂ ಲೇಸು ಬಿಚ್ಚಿತ್ತು.”

ಚಪ್ಪಾಳೆ ನಿಂತುಹೋಯಿತು. ಹೆಂಡತಿ ತಿರುಗಿ ಡ್ರೈವರನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

“ಬಂದಿದ್ದೀನಿ, ಇನ್ನೊಂದು ಮಾತೂ ಹೇಳಿಬಿಡ್ತೀನಿ,” ಎಂದ ಡ್ರೈವರು. “ನಾನು ಪ್ರತಿ ವಾರ ಆ ರೂಮಿಗೆ ಹೋಗ್ತೀನಿ. ಅಲ್ಲಿ ಸೇದೋನು ನಾನೊಬ್ಬನೇ. ಉಳಿದ ಏಳೆಂಟು ಜನ ಸುಮ್ನೆ ಬಂದು ಕೂರ್ತಾರೆ. ಯಾಕೆ ಬರ್ತಾರೋ ಗೊತ್ತಿಲ್ಲ. ಅವರ ದೆಸೆಯಿಂದ ನಂಗೆ ಕೂರೋಕೆ ಜಾಗ ಇಲ್ಲ.”

“ಯಾರು ಆ ಜನ?” ಎಂದರು ಸಾಹೇಬರು.

ಡ್ರೈವರು ಹಾಲ್ ಮೇಲೆ ಕಣ್ಣಾಡಿಸಿದ. ಅಲ್ಲಲ್ಲಿ ಕೆಲವು ತಲೆಗಳು ಕುರ್ಚಿಯೊಳಗೆ ಇಳಿದವು. “ಈ ಇನ್ಶೂರೆನ್ಸ್ ಸಾಹೇಬರು ಇದ್ದಾರಲ್ಲ, ಇವರು ಒಂದು ವಾರಾನೂ ತಪ್ಪಿಸಲ್ಲ. ಮತ್ತೆ, ಪೇಪರ್ ಓದ್ತಾ ಮೂಲೇಲಿ ಕೂರ್ತಾರಲ್ಲ, ಆ ಯಜಮಾನರು. ನಿಮ್ಮ ಪಕ್ಕದಲ್ಲೇ ಇದ್ದಾರೆ.”

ಮೇಷ್ಟ್ರು ಮೇಜಿನ ಮೇಲಿನ ನೀರಿನ ಲೋಟ ಎತ್ತಿ ಕುಡಿಯತೊಡಗಿದರು. ಲೋಟ ಖಾಲಿಯಾದ ಮೇಲೂ ಕೆಳಗಿಡಲಿಲ್ಲ.

“ಶೌಚಾಲಯ ಅಂದ್ರಿ,” ಎಂದಳು ಭಾವನ ಹೆಂಡತಿ, ಹತ್ತು ಸಾಲಿನ ಹಿಂದಿನವರಿಗೂ ಕೇಳುವಂತೆ. “ಪ್ರತಿ ವಾರ ಶೌಚಾಲಯದ ಕ್ಯೂ ಉದ್ದ ಇತ್ತು ಅಂದ್ರಿ. ನಾನು ಮೂರು ಮಕ್ಕಳನ್ನ, ನಾಲ್ಕು ಚೀಲಾನ, ನಿಮ್ಮ ಕುರ್ಚೀನ ಕಾಯ್ಕೊಂಡು ಕೂತಿರ್ತಿದ್ದೆ.”

ಭಾವ ಎದ್ದು ನಿಂತ. ಅವನು ಹೀಗೆ ಮಾತಿಗೆ ತಡಕಾಡುವುದನ್ನು ಯಾರೂ ನೋಡಿರಲಿಲ್ಲ. “ನಾನು ವಾರವಿಡೀ ಮಾತಾಡ್ತೀನಿ ಕಣೇ. ಬೆಳಿಗ್ಗೆಯಿಂದ ಸಂಜೆವರೆಗೂ ಸಾವು, ಅಪಘಾತ, ಕಂತು. ಆ ರೂಮಲ್ಲಿ ಹತ್ತು ನಿಮಿಷ ಯಾರೂ ನನ್ನನ್ನ ಏನೂ ಕೇಳಲ್ಲ. ನಾನೂ ಯಾರಿಗೂ ಏನೂ ಮಾರಬೇಕಾಗಿಲ್ಲ.”

ಸಾಹೇಬರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕೊನೆಗೂ ಲೋಟ ಕೆಳಗಿಟ್ಟರು. “ಬೀದೀಲಿ ಎಲ್ಲರೂ ನನ್ನಿಂದ ಒಂದು ಬುದ್ಧಿಮಾತು ನಿರೀಕ್ಷೆ ಮಾಡ್ತಾರೆ,” ಎಂದರು. “ದಿನಾ ಎಲ್ಲಿಂದ ತರೋದು?”

ಆಗ ಎದ್ದವಳು ಗುಮಾಸ್ತರ ಹೆಂಡತಿ. “ಸಾರ್, ನಂದೊಂದು ಅಭಿಪ್ರಾಯ ಬರ್ಕೊಳ್ಳಿ. ಹತ್ತು ನಿಮಿಷ ಸುಮ್ನೆ ಕೂರೋ ಆಸೆ ಗಂಡಸರಿಗೆ ಮಾತ್ರ ಅಲ್ಲ. ಕೊಠಡಿ ಇರಲಿ. ಅದರಲ್ಲಿ ಹೊಗೆ ಬೇಡ, ಮಾತೂ ಬೇಡ. ಒಂದು ವಾರ ಇವರು ಹೋಗ್ಲಿ, ನಾವು ಚೀಲ ಕಾಯ್ತೀವಿ. ಇನ್ನೊಂದು ವಾರ ನಾವು ಹೋಗ್ತೀವಿ.”

ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆ ಕುರ್ಚಿಯ ಸ್ಪ್ರಿಂಗಿಗೆ ಬಿದ್ದ ಚಪ್ಪಾಳೆಯನ್ನೂ ಮೀರಿಸಿತು. ಸಾಹೇಬರು ಹಾಗೆಯೇ ಬರೆದುಕೊಂಡರು. ಸೈಕಲ್ ಸ್ಟ್ಯಾಂಡಿನ ಆಚೆ, ಬಯಲಲ್ಲಿ, ತಗಡಿನ ಸೂರಿನ ಕೆಳಗೆ ಒಂದು ಬೆಂಚು ಹಾಕಿಸಿ ಡ್ರೈವರಿಗೆ ಬಿಟ್ಟುಕೊಡಬೇಕೆಂದೂ ಬರೆದುಕೊಂಡರು. ಡ್ರೈವರು ಪೂರ್ತಿ ಬೆಂಚು ತನಗೊಬ್ಬನಿಗೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಕೂತ.

ಗುಮಾಸ್ತರು ಶಾಲನ್ನು ಮಡಚಿ ಮೇಷ್ಟ್ರಿಗೆ ಹಿಂದಿರುಗಿಸಿದರು. ಜನ ಚದುರಿದರು. ದರ್ಜಿ ಗುಮಾಸ್ತರನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದ. “ಅಂದ್ರೆ ನೀವು ಬಿಟ್ಟೇ ಇಲ್ಲ.”

“ಇಲ್ಲಪ್ಪ. ಕ್ಷಮಿಸು. ಹಿಡಿದಿದ್ರೆ ತಾನೇ.”

“ಹಾಗಾದ್ರೆ ಇಷ್ಟು ದಿವಸ ನಾನೊಬ್ಬನೇ ಬಿಟ್ಟಿದ್ದು.” ದರ್ಜಿ ಬೆರಳು ಮಡಚಿ ದಿನ ಎಣಿಸಿದ. ಸಿಟ್ಟು ಬರುತ್ತದೆಂದು ಗುಮಾಸ್ತರು ಒಂದು ಮೆಟ್ಟಿಲು ಹಿಂದೆ ಸರಿದರು. ಆದರೆ ದರ್ಜಿಯ ಎದೆ ನಿಧಾನವಾಗಿ ಉಬ್ಬಿತು. “ಮೇಷ್ಟ್ರೇ,” ಎಂದು ಕೂಗುತ್ತ ಹಿಂದಿರುಗಿ ನಡೆದ, “ಆ ಶಾಲು ಎಲ್ಲಿ?”

ಅತ್ತೆ ಮಗನ ಜೊತೆ ಮುಂದೆ ಹೋಗಿದ್ದರು. ಗಂಡ ಹೆಂಡತಿ ಇಬ್ಬರೇ ನಡೆದರು.

“ಸೇದಿಲ್ಲ ಅಂದಾಗ ನಾನು ನಂಬಲಿಲ್ಲ. ಅದು ನನ್ನ ತಪ್ಪು,” ಎಂದಳು ಹೆಂಡತಿ. “ಆದ್ರೆ ಬಿಟ್ಟೆ ಅಂತ ಯಾಕೆ ನಾಟಕ ಆಡಿದ್ರಿ? ಕೈ ಬೇರೆ ನಡುಗಿಸಿದ್ರಿ.”

ಗುಮಾಸ್ತರು ಹೂಂ ಎನ್ನಲು ಹೋಗಿ ನಿಲ್ಲಿಸಿದರು. “ನೀನು ಕಾಫಿ ತಗೊಂಡು ಪಕ್ಕದಲ್ಲಿ ಬಂದು ಕೂತ್ಕೊತಿದ್ದೆ,” ಎಂದರು. “ನಿಜ ಹೇಳಿದ್ರೆ ಎದ್ದು ಹೋಗ್ತೀಯ ಅನ್ನಿಸ್ತು.”

ಹೆಂಡತಿ ನಡೆಯುವುದನ್ನು ನಿಲ್ಲಿಸಿದಳು. ಮುಖ ತಿರುಗಿಸಿಕೊಂಡು, ಮುಚ್ಚಿದ್ದ ಯಾವುದೋ ಅಂಗಡಿಯ ಬೋರ್ಡನ್ನು ಬಹಳ ಹೊತ್ತು ಓದಿದಳು. ಅದರಲ್ಲಿ ಬರೆದದ್ದು ಎರಡೇ ಪದ.

“ನಾಳೆ ಅಮ್ಮ ಹೊರಡ್ತಾಳೆ,” ಎಂದಳು. “ಬೇಗ ಬರೋಕಾದ್ರೆ ಬನ್ನಿ.”

ಮರುದಿನ ಮಧ್ಯಾಹ್ನ ಸಾಹೇಬರ ಮೇಜಿಗೆ ಜನನ ಮರಣ ವಿಭಾಗದಿಂದ ಒಂದು ಗಂಟೆಯ ರಜೆಗೆ ಅರ್ಜಿ ಬಂತು. ಕಾರಣ ಎಂಬ ಜಾಗದಲ್ಲಿ ದುಂಡನೆಯ ಅಕ್ಷರದಲ್ಲಿ ‘ಹೆಂಡತಿಯೊಂದಿಗೆ ಕಾಫಿ’ ಎಂದು ಬರೆದಿತ್ತು. ಇಂಥ ಕಾರಣಕ್ಕೆ ರಜೆ ಕೊಡಲು ನಿಯಮವಿದೆಯೇ ಎಂದು ಸಾಹೇಬರು ಪುಸ್ತಕ ತೆರೆದು ಹುಡುಕಿದರು. ಕೊಡಬಹುದೆಂದು ಎಲ್ಲಿಯೂ ಇರಲಿಲ್ಲ, ಕೊಡಬಾರದೆಂದೂ ಇರಲಿಲ್ಲ. ಅವರು ಸಹಿ ಹಾಕಿ, ಪುಸ್ತಕ ಮುಚ್ಚಿ, ತಮ್ಮ ಮನೆಗೆ ಫೋನ್ ಮಾಡಿದರು.